ದೊಡ್ಡಪ್ಪ ಫಾರ್ವರ್ಡ್ ಮಾಡಿದ ಬಾಣ

ದೊಡ್ಡಪ್ಪ (ಫಾರ್ವರ್ಡ್): ಪ್ರಪಂಚದ ಮೊದಲ ರಾಕೆಟ್ ಹಾರಿದ್ದು ನಮ್ಮ ಮೈಸೂರಿನಲ್ಲಿ! ಟಿಪ್ಪು ಬಾಣ ಬಿಡುವವರೆಗೆ ಯುರೋಪಿನವರಿಗೆ ರಾಕೆಟ್ ಅಂದರೆ ಏನೆಂದೇ ಗೊತ್ತಿರಲಿಲ್ಲ. ಎಲ್ಲರಿಗೂ ಕಳಿಸಿ 🚀🚀

ನಾನು: ದೊಡ್ಡಪ್ಪ, ಇದನ್ನು ಮುಂದೆ ಕಳಿಸಬೇಡಿ. 1650ರಲ್ಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಫಿರಂಗಿ ವಿದ್ಯೆಯ ಮೇಲೆ ಲ್ಯಾಟಿನ್ ಪುಸ್ತಕ ಅಚ್ಚಾಗಿದೆ. ಬರೆದವನು ಕಾಜಿಮಿಯೆರ್ಜ್ ಸಿಯೆಮಿಯೆನೋವಿಚ್, ಪೋಲೆಂಡ್-ಲಿಥುವೇನಿಯಾ ರಾಜ್ಯದ ಫಿರಂಗಿ ಪಡೆಯವನು. ಒಂದು ಭಾಗ ಪೂರ್ತಿ ರಾಕೆಟ್ ಬಗ್ಗೆಯೇ ಇದೆ. ಆಗ ಟಿಪ್ಪು ಹುಟ್ಟಲು ಇನ್ನೂ ನೂರು ವರ್ಷ ಇತ್ತು.

ದೊಡ್ಡಪ್ಪ: ಪುಸ್ತಕ ಯಾರು ಬೇಕಾದರೂ ಬರೆಯಬಹುದು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಪಡೆ ಮಣ್ಣು ಮುಕ್ಕಿತಲ್ಲ, ಅಲ್ಲಿ ಬಾಣ ಬಿಟ್ಟವರು ಯಾರು?

ಅಕ್ಕ: ಯುದ್ಧದ ಲೆಕ್ಕ ಹಿಡಿದರೆ ಚೀನಾದವರು ಅದಕ್ಕೂ ಎಷ್ಟೋ ಶತಮಾನ ಮುಂಚೆ ಬಿಟ್ಟಿದ್ದಾರೆ ದೊಡ್ಡಪ್ಪ.

ದೊಡ್ಡಪ್ಪ: ನಮ್ಮವರದ್ದು ಅಂದರೆ ನಿಮಗೆಲ್ಲ ತಾತ್ಸಾರ. ಹೊರಗಿನವರು ಬರೆದದ್ದೆಲ್ಲ ವೇದ.

ನಾನು: ತಾತ್ಸಾರ ಇದ್ದಿದ್ದರೆ ಸುಮ್ನೆ ಇರುತ್ತಿದ್ದೆ. ಆ ಪುಸ್ತಕದ ಒಂದು ಚಿತ್ರ ನೋಡಿ ನಾನೇ ಬೆರಗಾಗಿದ್ದೇನೆ. ಒಂದರ ಮೇಲೊಂದು ರಾಕೆಟ್ ಕೂರಿಸಿದ್ದಾನೆ, ಕೆಳಗಿನದು ಉರಿದು ಮುಗಿಯುವ ಹೊತ್ತಿಗೆ ಮೇಲಿನದಕ್ಕೆ ಬೆಂಕಿ ತಗಲುತ್ತದೆ. ಇವತ್ತು ಶ್ರೀಹರಿಕೋಟಾದಿಂದ ಹಾರುವ ರಾಕೆಟ್‌ನಲ್ಲೂ ಇರುವುದು ಇದೇ ಉಪಾಯ, ಅಲ್ವಾ? ಕೋಲಿನ ಬದಲು ಬಾಲಕ್ಕೆ ರೆಕ್ಕೆ ಕಟ್ಟಿದ ರಾಕೆಟ್ ಕೂಡ ಅದರಲ್ಲಿದೆ.

ಆದರೆ ಆಗಿನ ಯುರೋಪಿನ ರಾಕೆಟ್‌ಗಳ ಕೊಳವೆ ಸಾಮಾನ್ಯವಾಗಿ ಕಾಗದದ್ದು. ಹೋದ ದೀಪಾವಳಿಯಲ್ಲಿ ಠುಸ್ಸಾದ ಒಂದು ರಾಕೆಟ್ಟನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ ಬಿಚ್ಚಿದ್ದೆ. ಕಾಗದ ಸುತ್ತು ಸುತ್ತಾಗಿ ಬಿಚ್ಚಿಕೊಂಡಿತು, ಬಾಯಿಗೆ ಮಣ್ಣು ಮೆತ್ತಿದ್ದರು. ಆ ಯುರೋಪಿನವರದ್ದೂ ಹೆಚ್ಚುಕಡಿಮೆ ಹೀಗೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿ ಒಳಗೆ ಗಿಡಿದು ತುಂಬುತ್ತಿದ್ದರು, ನಡುವೆ ಚೂಪು ಕಡ್ಡಿ ನಿಲ್ಲಿಸಿ ಪೊಳ್ಳು ಬಿಡುತ್ತಿದ್ದರು. ಪೊಳ್ಳು ಇದ್ದರೆ ಮದ್ದು ಉರಿಯುವ ಜಾಗ ಜಾಸ್ತಿ, ಹೊಗೆಯ ಒತ್ತಡವೂ ಜಾಸ್ತಿ. ಆ ಒತ್ತಡ ಮಿತಿ ಮೀರಿದರೆ ಕಾಗದ ಹರಿದು ಹೋಗುತ್ತದೆ.

ಶಿವಮೊಗ್ಗ ಚಿಕ್ಕಪ್ಪ: ನಮ್ಮವರದ್ದು ಕಬ್ಬಿಣ ಕಣೋ! 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ಸಿಕ್ಕವು. ಇಲ್ಲಿ ಶಿವಪ್ಪನಾಯಕನ ಅರಮನೆಯಲ್ಲಿ ನೋಡಿದ್ದೇನೆ. ಗೇಣುದ್ದದ ಕೊಳವೆ, ತುಕ್ಕು ಹಿಡಿದು ಹೋಗಿದೆ, ಆದರೂ ಒಡೆದಿಲ್ಲ.

ನಾನು: ಅದೇ ಚಿಕ್ಕಪ್ಪ, ಹೇಳಬೇಕಾದ್ದು ಅದೇ! ಕಬ್ಬಿಣವಾದರೆ ಮದ್ದನ್ನು ಇನ್ನೂ ಬಿಗಿಯಾಗಿ ಗಿಡಿಯಬಹುದು, ಒತ್ತಡ ತಡೆಯುತ್ತದೆ, ಬಾಣ ದೂರ ಹೋಗುತ್ತದೆ. ಪುಸ್ತಕದಲ್ಲಿ ಓದಿ ಬಂದ ವಿದ್ಯೆಯಲ್ಲ, ಕುಲುಮೆಯವರ ಕೈ ಕೆಲಸ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಬಾಣಗಳು ಇಂಗ್ಲೆಂಡಿಗೆ ಹೋದವು. ಅಲ್ಲಿನ ವಿಲಿಯಂ ಕಾಂಗ್ರೀವ್ ಎಂಬಾತ ಇಂಗ್ಲಿಷ್ ಸೇನೆಗೆ ಕಬ್ಬಿಣದ ರಾಕೆಟ್ ಮಾಡಿದ್ದು ಆಮೇಲೆ. ರಾಕೆಟ್ ಪುಸ್ತಕಗಳು ನೂರಾರು ವರ್ಷದಿಂದ ಕೈಯಲ್ಲೇ ಇದ್ದ ಜನ ನಮ್ಮ ಕೊಳವೆಯನ್ನು ಹೊತ್ತುಕೊಂಡು ಹೋಗಿ ನೋಡಬೇಕಾಯಿತು. ಇಷ್ಟು ದೊಡ್ಡ ನಿಜ ಇರುವಾಗ "ಅವರಿಗೆ ಏನೂ ಗೊತ್ತಿರಲಿಲ್ಲ" ಅನ್ನುವ ಸುಳ್ಳು ಯಾಕೆ ಬೇಕು ದೊಡ್ಡಪ್ಪ? ಯಾರಾದರೂ ಆ 1650ರ ಪುಸ್ತಕ ತೋರಿಸಿದರೆ ನಮ್ಮ ಕಬ್ಬಿಣದ ಮಾತನ್ನೂ ನಂಬುವುದಿಲ್ಲ.

ದೊಡ್ಡಪ್ಪ: ಸರಿ. ಹಾಗಾದರೆ ಈ ಕಬ್ಬಿಣದ ವಿಷಯವನ್ನೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸು, ನಮ್ಮ ವಾಕಿಂಗ್ ಗುಂಪಿಗೆ ಹಾಕುತ್ತೇನೆ. ಚಿಕ್ಕಪ್ಪನ ಹತ್ತಿರ ಕೊಳವೆಯ ಫೋಟೋ ಇದ್ದರೆ ಅದೂ ಇರಲಿ. ಆ ಒಂದರ ಮೇಲೊಂದು ಕೂರಿಸಿದ ಚಿತ್ರವನ್ನೂ ಹಾಕು, ನೋಡಬೇಕು.