‘ಫ್ಲೇಮ್‌ಪ್ರೂಫ್’ ದೀಪಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ಸಾಲ್ವೆಂಟ್ (ಆವಿಯಾಗಿ ಹೊತ್ತಿಕೊಳ್ಳಬಲ್ಲ ದ್ರಾವಕ) ಬಳಸುವ ಒಂದು ಕಾರ್ಖಾನೆಯ ಸುರಕ್ಷತಾ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಫ್ಲೇಮ್‌ಪ್ರೂಫ್ ಎಲ್‌ಇಡಿ ಫ್ಲಡ್‌ಲೈಟ್’ ಬರುತ್ತದೆ. ಫ್ಲಡ್‌ಲೈಟಿನ ಚಿಂತೆ ಇಲ್ಲ. ‘ಹೊನಲು ಬೆಳಕಿನ ಕಬಡ್ಡಿ’ ಅಂತ ಊರೂರಲ್ಲಿ ಬ್ಯಾನರ್ ಕಟ್ಟುತ್ತಾರೆ, ಹಾಗಾಗಿ ‘ಹೊನಲು ದೀಪ’ ಎಲ್ಲರಿಗೂ ತಿಳಿಯುತ್ತದೆ. ನಾನು ಸಿಕ್ಕಿಹಾಕಿಕೊಂಡಿರುವುದು ಫ್ಲೇಮ್‌ಪ್ರೂಫ್‌ನಲ್ಲಿ.

ಮೊದಲು ‘ಜ್ವಾಲಾನಿರೋಧಕ’ ಅಂತ ಬರೆದೆ. ಅಲ್ಲಿನ ಫಿಟರ್ ಓದಿ, “ಬೆಂಕಿ ಬಿದ್ರೂ ಸುಡಲ್ಲ ಅಂತ ತಾನೇ ಸಾರ್?” ಅಂದರು. ತಪ್ಪು ಅವರದಲ್ಲ. ಜಲನಿರೋಧಕ ಅಂದರೆ ಹೊರಗಿನ ನೀರು ಒಳಗೆ ಬಾರದ್ದು. ಇಲ್ಲಿ ದಿಕ್ಕೇ ಉಲ್ಟಾ! ಹೊರಗಿನ ಸಾಲ್ವೆಂಟ್ ಆವಿ ದೀಪದ ಡಬ್ಬಿಯೊಳಗೆ ನುಸುಳಬಹುದು, ಕಿಡಿ ತಾಗಿ ಒಳಗೇ ಸಿಡಿಯಲೂಬಹುದು. ಡಬ್ಬಿ ಆ ಹೊಡೆತ ತಾಳಿಕೊಳ್ಳಬೇಕು, ಮುಚ್ಚಳ ಕೂರುವ ಕಡೆಯ ಕಿರಿದಾದ ಸಂದಿಯಲ್ಲಿ ಹೊರಬರುವ ಬಿಸಿ ಅನಿಲ ಅಲ್ಲೇ ತಣ್ಣಗಾಗಬೇಕು, ಹೊರಗಿನ ಆವಿ ಹೊತ್ತಿಕೊಳ್ಳಬಾರದು, ಇಷ್ಟು ಅದರ ಕೆಲಸ. ಅದಕ್ಕೇ ಒಂದು ಬೋಲ್ಟ್ ಸಡಿಲವಾದರೂ ಆ ಅಂಚಿಗೆ ಗೀರು ಬಿದ್ದರೂ ಭರವಸೆ ಇಲ್ಲ. ‘ಬೆಂಕಿಗೆ ಜಗ್ಗದ ದೀಪ’ ಅಂದುಕೊಂಡವರು ಒಂದು ಬೋಲ್ಟ್ ಕಮ್ಮಿ ಹಾಕಿ ಏಣಿ ಇಳಿದರೆ ಆಶ್ಚರ್ಯವೇನಿಲ್ಲ.

‘ಸ್ಫೋಟನಿರೋಧಕ’ದ ಕಥೆಯೂ ಇದೇ, ಪಕ್ಕದಲ್ಲಿ ಬಾಂಬ್ ಸಿಡಿದರೂ ಅಲುಗದ್ದು ಅನ್ನಿಸುತ್ತದೆ. (ಎಲ್‌ಇಡಿ ಬಿಸಿಯಾಗಲ್ಲ, ಇಷ್ಟು ದಪ್ಪ ಡಬ್ಬಿ ಯಾಕೆ ಅಂತಲೂ ಕೇಳುತ್ತಾರೆ. ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಸರ್ಕ್ಯೂಟ್), ವೈರಿನ ಜೋಡಣೆ ಎಲ್ಲ ಒಳಗಿದೆಯಲ್ಲ! ದೀಪದ ಮೈ ಬಿಸಿಗೂ ಮಿತಿ ಇದೆ, ಅದನ್ನು ‘ಟಿ’ ದರ್ಜೆಯಲ್ಲಿ ಹೇಳುತ್ತಾರೆ: ಟಿ6 ಅಂದರೆ 85 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಟಿ4 ಆದರೆ 135.)

ನನಗೆ ಹೊಳೆದದ್ದು ‘ಉರಿಗಟ್ಟು ದೀಪ’, ಉರಿಯನ್ನು ಒಳಗೇ ಕಟ್ಟಿಹಾಕುವುದು ಅನ್ನುವ ಅರ್ಥದಲ್ಲಿ. ‘ಉರಿತಡೆ’ ಬೇಡ, ಅದರಲ್ಲೂ ದಿಕ್ಕು ಗೊತ್ತಾಗಲ್ಲ. ‘ಕಿಚ್ಚು ಹೊರಬಿಡದ ದೀಪ’ ಅಂದಾಗ ಫಿಟರ್ ತಕ್ಷಣ ತಲೆಯಾಡಿಸಿದರು, ಆದರೆ ಫಲಕದ ಮೇಲೆ ಉದ್ದವಾಯಿತು. ಅವರ ಬಾಯಲ್ಲಂತೂ ಇದು ಬರೀ ‘ಎಫ್‌ಎಲ್‌ಪಿ ಲೈಟು’.

ಇನ್ನೊಂದು, ‘ಹಜಾರ್ಡಸ್ ಏರಿಯಾ’. ‘ಅಪಾಯಕಾರಿ ಪ್ರದೇಶ’ ಅಂದರೆ ಕರೆಂಟ್ ಹೊಡೆಯುವ ಜಾಗವೂ ಆಯಿತು, ಗುಂಡಿ ಇರುವ ಜಾಗವೂ ಆಯಿತು. ಇಲ್ಲಿ ಹೇಳಬೇಕಿರುವುದು ಹೊತ್ತಿಕೊಳ್ಳುವ ಅನಿಲ, ಆವಿ ಅಥವಾ ಧೂಳು ಗಾಳಿಯಲ್ಲಿ ಸೇರಬಹುದಾದ ಜಾಗ. ಸದ್ಯಕ್ಕೆ ‘ಕಿಡಿ ತಾಗಬಾರದ ಜಾಗ’ ಅಂತ ಬರೆದಿದ್ದೇನೆ. ಅಂಥ ಅನಿಲ, ಆವಿ ಎಷ್ಟರ ಮಟ್ಟಿಗೆ ಇರಬಹುದು ಅನ್ನುವುದರ ಮೇಲೆ ಜಾಗವನ್ನು ವಿಂಗಡಿಸುವ ಝೋನ್ 0, 1, 2 ಹಾಗೇ ಇರಲಿ, ‘ವಲಯ’ ಅಂದರೆ ಪಾಲಿಕೆಯ ನೆನಪಾಗುತ್ತದೆ.

‘ಉರಿಗಟ್ಟು’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕಾರ್ಖಾನೆಯಲ್ಲಿ ದುಡಿದವರು ಬೇರೇನಾದರೂ ಅನ್ನುತ್ತಿದ್ದರೆ ಅದನ್ನೇ ಮೊದಲು ತಿಳಿಸಿ.