ಸಹಾಯ ಬೇಕು: ಮುಸ್ಸಂಜೆಯಲ್ಲಿ ಕ್ರಾಸ್‌ಬೋ ಸ್ಕೋಪ್ ಒಳಗೆ ಜಿಂಕೆ ಕಾಣ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಬಾಣ ಬಿಡುವ ಬಿಲ್ಲು) ಹಿಡಿದು ಜಿಂಕೆ ಬೇಟೆಗೆ ಹೋಗ್ತೀನಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಗೊತ್ತು. ಇಲ್ಲಿ ಲೈಸೆನ್ಸ್, ಜಿಂಕೆ ಪರ್ಮಿಟ್ ಎರಡೂ ತಗೊಂಡೇ ಹೋಗುವುದು, ಬೈಯಬೇಡಿ!

ಸೂರ್ಯ ಮುಳುಗಿ ಅರ್ಧ ಗಂಟೆವರೆಗೆ ಬೇಟೆಗೆ ಅವಕಾಶ ಇದೆ. ಜಿಂಕೆ ಬರುವುದೂ ಆಗಲೇ. ಮೊನ್ನೆ ಜೋಳದ ಹೊಲದ ಅಂಚಿಗೆ ಒಂದು ಹೆಣ್ಣು ಜಿಂಕೆ ಬಂತು, 25 ಗಜ ಇರಬಹುದು. ಬರಿಗಣ್ಣಿಗೆ ಕಿವಿ ಆಡಿಸುವುದೂ ಕಾಣ್ತಿತ್ತು. ಸ್ಕೋಪ್‌ನಲ್ಲಿ (ಗುರಿ ಹಿಡಿಯುವ ದುರ್ಬೀನು) ನೋಡಿದರೆ ಸುಮ್ನೆ ಒಂದು ಕಪ್ಪು ಮುದ್ದೆ. ಭುಜ ಎಲ್ಲಿ, ಹೊಟ್ಟೆ ಎಲ್ಲಿ ತಿಳಿಯಲಿಲ್ಲ. ಬಾಣ ಬಿಡದೆ ವಾಪಸ್ ಬಂದೆ.

ನನ್ನದು 1.5-5x32 ಸ್ಕೋಪ್, ಅಂದರೆ 1.5ರಿಂದ 5 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 32 ಮಿ.ಮೀ. ಅಗಲ. ಪೂರ್ತಿ 5 ಪಟ್ಟಿಗೆ ಇಟ್ಟರೂ, 32ನ್ನು 5ರಿಂದ ಭಾಗಿಸಿದರೆ ಕಣ್ಣಿಗೆ 6.4 ಮಿ.ಮೀ. ಅಗಲದ ಬೆಳಕಿನ ವೃತ್ತ ಸಿಗುತ್ತೆ. ನನ್ನ ವಯಸ್ಸು 48, ಕಣ್ಣಿನ ಪಾಪೆ ಅಷ್ಟು ಅಗಲ ತೆರೆಯುವುದೂ ಅನುಮಾನ. ಅಂದರೆ ಲೆಕ್ಕದಲ್ಲಿ ಬೆಳಕು ಸಾಕು, ಅಲ್ವಾ? ನನ್ನ ಅನುಮಾನ ಸ್ಕೋಪ್ ಒಳಗೆ ಗುರಿ ಹಿಡಿಯಲು ಇರುವ ಕೆಂಪು ದೀಪದ ಗೆರೆಗಳ ಮೇಲೆ. ಅತಿ ಕಡಿಮೆಗೆ ಇಟ್ಟರೂ ಗಾಜಿನ ತುಂಬ ಕೆಂಪು ಹರಡುತ್ತೆ. ಆರಿಸಿದರೆ ಕಪ್ಪು ಗೆರೆ ಕಪ್ಪು ಜಿಂಕೆಯಲ್ಲಿ ಮಾಯ.

ಝೂಮ್ ತಿರುಗಿಸೋಣ ಅಂದರೆ ಬಾಣದ ವೇಗಕ್ಕೆ ಹೊಂದಿಸುವ ಬಳೆಯೂ ಅದೇ. ತಿರುಗಿಸಿದರೆ 30, 40 ಗಜ ದೂರಕ್ಕೆ ಗುರಿ ಹಿಡಿಯುವ ಗೆರೆಗಳ ಲೆಕ್ಕವೆಲ್ಲ ತಪ್ಪುತ್ತೆ.

ದೀಪ ಇನ್ನೂ ಮಂದ ಮಾಡಲು ಏನಾದರೂ ಉಪಾಯ ಇದೆಯಾ? ಅಥವಾ ಒಳ್ಳೆ ಗಾಜಿನ ಬೇರೆ ಸ್ಕೋಪ್ ತಗೊಳ್ಳೋದೇ ಸರಿನಾ? ಬಳಸಿದವರು ಹೇಳಿ.