ರಂಗೂನ್ ಮಲ್ಲಿಗೆ ಎರಡು ವರ್ಷವಾದರೂ ಹೂ ಬಿಟ್ಟಿಲ್ಲ: ಬಳ್ಳಿ ಬದಲಿಸಬೇಕೇ?

ಗೇಟಿನ ಮನೆ, ಮೈಸೂರು:
ಗೇಟಿನ ಮೇಲೆ ಕಬ್ಬಿಣದ ಕಮಾನು ಹಾಕಿಸಿ ರಂಗೂನ್ ಮಲ್ಲಿಗೆ ಹಬ್ಬಿಸಿದ್ದೇನೆ. ಎಲೆ ಕಾಡಿನಂತೆ ಬೆಳೆದಿದೆ, ಮೊಗ್ಗಿನ ಸುಳಿವೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಸಗಣಿ ಗೊಬ್ಬರ, ದಿನವೂ ನೀರು. ಕಿತ್ತು ಬೋಗನ್‌ವಿಲ್ಲಾ ಹಾಕಿ ಎನ್ನುತ್ತಾರೆ ನರ್ಸರಿಯವರು.

ಹಿತ್ತಲ ಹುಚ್ಚು:
ಕೀಳಬೇಡಿ. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಕತ್ತರಿ ಆಡಿಸುವುದು ಯಾವಾಗ?

ಗೇಟಿನ ಮನೆ:
ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಬಿಸಿಲಿದೆ. ತುದಿಗಳು ಮುಖಕ್ಕೆ ತಾಗುತ್ತವೆಂದು ಪ್ರತಿ ತಿಂಗಳೂ ಕತ್ತರಿಸುತ್ತೇನೆ.

ಹಿತ್ತಲ ಹುಚ್ಚು:
ಸಿಕ್ಕಿತು! ಈ ಬಳ್ಳಿ ಹೂ ಬಿಡುವುದೇ ಹೊಸ ಚಿಗುರಿನ ತುದಿಯಲ್ಲಿ. ತಿಂಗಳಿಗೊಮ್ಮೆ ನೀವು ಕತ್ತರಿಸಿ ಎಸೆಯುತ್ತಿರುವುದು ಬರಬೇಕಾದ ಹೂವನ್ನೇ. ಕತ್ತರಿಸುವ ಕೆಲಸವನ್ನು ಹೂ ಮುಗಿದ ಮೇಲೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಜೋಲುವ ತುದಿಗಳನ್ನು ಸೆಣಬಿನ ದಾರದಿಂದ ಕಮಾನಿಗೆ ಸಡಿಲವಾಗಿ ಕಟ್ಟಿ. ಕೈಗವಸು ಇರಲಿ, ಉದುರಿದ ಎಲೆಯ ತೊಟ್ಟು ಮುಳ್ಳಾಗಿ ಉಳಿದಿರುತ್ತದೆ. ಗೊಬ್ಬರವನ್ನೂ ಸದ್ಯಕ್ಕೆ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಯಲ್ಲೇ ಮೈಮರೆಯುತ್ತದೆ. ಇದೇ ಆರೈಕೆಯಲ್ಲಿ ಬೋಗನ್‌ವಿಲ್ಲಾ ನೆಟ್ಟಿದ್ದರೂ ನಿಮಗೆ ಸಿಗುತ್ತಿದ್ದುದು ಎಲೆಯೇ. ಅದಕ್ಕಂತೂ ಬುಡ ಸ್ವಲ್ಪ ಒಣಗಿದರೇ ಹೂವು.

ಗೇಟಿನ ಮನೆ:
ಸರಿ, ಕತ್ತರಿಯನ್ನು ಬೀರುವಿಗೆ ಹಾಕಿದೆ. ಹಿಂದಿನ ಗೋಡೆಗೆ ಬಿಸಿಲೇ ಇಲ್ಲ, ಅಲ್ಲಿಗೂ ಇದರದೇ ಗೆಲ್ಲು ನೆಡಲೇ?

ಅಡಿಕೆ ತೋಟದವಳು, ಶಿರಸಿ:
ಅಲ್ಲಿ ಬೇಡ, ಹೂವಿನ ಆಸೆಯನ್ನೇ ಬಿಡಿ. ವೀಳ್ಯದೆಲೆ ಬಳ್ಳಿ ಹಾಕಿ. ನಮ್ಮಲ್ಲಿ ಅದು ಅಡಿಕೆ ಮರದ ನೆರಳಲ್ಲೇ ಬೆಳೆಯುವುದು. ಗೆಣ್ಣುಗಳಲ್ಲಿ ಬೇರು ಬಿಟ್ಟು ತಾನೇ ಅಂಟಿಕೊಂಡು ಏರುತ್ತದೆ. ಬಣ್ಣ ಬಳಿದ ಗೋಡೆಯಾದರೆ ಮುಂದೆ ತೆಂಗಿನ ನಾರು ಸುತ್ತಿದ ಕೋಲು ನಿಲ್ಲಿಸಿ, ಕಿತ್ತಾಗ ಬೇರಿನ ಗುರುತು ಉಳಿಯುತ್ತದೆ. ತೇವ ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ.

ಗೇಟಿನ ಮನೆ (ಕೆಲವು ತಿಂಗಳ ನಂತರ):
ಗೊಂಚಲು ಬಂದಿದೆ! ಆದರೆ ನಿನ್ನೆ ಸಂಜೆ ಬಿಳಿಯಾಗಿ ಅರಳಿದ್ದು ಇಂದು ಗುಲಾಬಿ ಬಣ್ಣಕ್ಕೆ ತಿರುಗಿದೆ. ರೋಗವೇ?

ಹಿತ್ತಲ ಹುಚ್ಚು:
ನಾಳೆ ಕೆಂಪಾಗುತ್ತದೆ, ಗಾಬರಿ ಬೇಡ. ಅದರ ಸ್ವಭಾವವೇ ಅದು. ಕತ್ತಲಾದ ಮೇಲೆ ಗೇಟಿನ ಬಳಿ ನಿಲ್ಲಿ. ಬಿಳಿ ಹೂವಿಗೆ ದೊಡ್ಡ ಪತಂಗಗಳು ಬರುತ್ತವೆ.